ಚೆಕ್‌ಔಟ್‌ನಲ್ಲಿ ಯಾವ ಡೆಲಿವರಿ ಆಯ್ಕೆ ಇಡಬೇಕು? ಸಣ್ಣ ಆನ್‌ಲೈನ್ ಅಂಗಡಿಯವರಿಗೊಂದು ಹೋಲಿಕೆ

ದಾವಣಗೆರೆಯ ಗ್ರಾಹಕರೊಬ್ಬರು ರಾತ್ರಿ ಒಂಬತ್ತೂವರೆಗೆ, ಶಿರಸಿಯಿಂದ ಉಪ್ಪಿನಕಾಯಿ, ಹಪ್ಪಳ ಮಾರುವ ನಮ್ಮ ವೆಬ್‌ಸೈಟಿಗೆ ಬಂದಿದ್ದರು. ಅರ್ಧ ಕೆ.ಜಿ. ಅಪ್ಪೆಮಿಡಿ ಉಪ್ಪಿನಕಾಯಿ ಕಾರ್ಟಿಗೆ ಹಾಕಿದ್ದಾರೆ, ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ತುಂಬಿದ್ದಾರೆ, ಚೆಕ್‌ಔಟ್‌ನಲ್ಲಿ, ಅಂದರೆ ದುಡ್ಡು ಕಟ್ಟುವ ಪುಟದಲ್ಲಿ, ಡೆಲಿವರಿ ಆರಿಸುವ ಜಾಗಕ್ಕೆ ಬಂದು ಬಿಟ್ಟುಹೋಗಿದ್ದಾರೆ. ಮರುದಿನ ಫೋನ್ ಮಾಡಿ ಕೇಳಿದೆ. "ಯಾವ್ದು ಒತ್ತಬೇಕೋ ತಿಳೀಲಿಲ್ರೀ. ಒಂದ್ರಾಗ 72 ಐತಿ, ಇನ್ನೊಂದ್ರಾಗ 118 ಐತಿ. ಆಮೇಲೆ ನೋಡಿದ್ರಾತು ಅಂತ ಬಿಟ್ಟೆ" ಅಂದರು.

ತಪ್ಪು ನನ್ನದೇ. ಎರಡು ಖಾಸಗಿ ಕೊರಿಯರ್, ಎರಡಕ್ಕೂ 'ಸರ್ಫೇಸ್', 'ಏರ್' ಅಂತ ಬೇರೆ ಬೇರೆ ಸಾಲು, ಅದರ ಕೆಳಗೆ ಸ್ಪೀಡ್ ಪೋಸ್ಟ್, ಕೊನೆಗೆ ಕ್ಯಾಶ್ ಆನ್ ಡೆಲಿವರಿ. ಒಟ್ಟು ಆರು ಆಯ್ಕೆ ಇಟ್ಟು, ಗ್ರಾಹಕರಿಗೆ ಎಷ್ಟು ಅನುಕೂಲ ಮಾಡಿಕೊಟ್ಟಿದ್ದೇನೆ ಅಂತ ಬೀಗುತ್ತಿದ್ದೆ. ಕೊಳ್ಳುವವರಿಗೆ ಬೇಕಾದ್ದು ಎರಡೇ ಉತ್ತರ: ಒಟ್ಟು ಎಷ್ಟಾಗುತ್ತೆ, ಯಾವತ್ತು ಕೈಗೆ ಸಿಗುತ್ತೆ. ಯಾವ ಕೊರಿಯರ್, ಲಾರಿಯೋ ವಿಮಾನವೋ ಅನ್ನೋದು ಅಂಗಡಿಯವನ ತಲೆನೋವು. ಅದನ್ನು ನಾನು ಅವರ ತಲೆಗೆ ಕಟ್ಟಿದ್ದೆ.

ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ಕೊಡುವ ಲೆಕ್ಕದಲ್ಲಿ, ತುಂಬಿದ ನೂರು ಕಾರ್ಟುಗಳಲ್ಲಿ ಸುಮಾರು 70 ಖರೀದಿಯಾಗದೆ ಉಳಿಯುತ್ತವೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಜನ ಕೊಡುವ ಮೊದಲ ಕಾರಣ ಕೊನೆಯ ಗಳಿಗೆಯಲ್ಲಿ ಸೇರಿಕೊಳ್ಳುವ ಖರ್ಚು. ಹಾಗಾಗಿ ಯಾವ ಕೊರಿಯರ್ ಒಳ್ಳೆಯದು ಅನ್ನುವುದಕ್ಕಿಂತ ಮೊದಲು, ದುಡ್ಡನ್ನು ಹೇಗೆ ಕೇಳುವುದು ಅನ್ನೋದನ್ನೇ ನೋಡೋಣ.

ದರ ಇಡುವ ನಾಲ್ಕು ದಾರಿ

ಸಾಗಣೆ ಖರ್ಚನ್ನು ಸಾಮಾನಿನ ಬೆಲೆಯೊಳಗೇ ಸೇರಿಸಿ 'ಡೆಲಿವರಿ ಉಚಿತ' ಅನ್ನಬಹುದು. ಎಷ್ಟೇ ಕೊಂಡರೂ ಒಂದೇ ಮೊತ್ತ, ಅಂದರೆ ಫ್ಲಾಟ್ ರೇಟ್ ಇಡಬಹುದು. ಇಷ್ಟು ರೂಪಾಯಿ ದಾಟಿದರೆ ಉಚಿತ ಅಂತ ಗಡಿ ಹಾಕಬಹುದು. ಇಲ್ಲವೇ ತೂಕ, ಪಿನ್‌ಕೋಡ್ ನೋಡಿ ಕೊರಿಯರ್‌ನವರ ದರವನ್ನೇ ಆಗಿಂದಾಗ ತೋರಿಸಬಹುದು.

ಯಾವುದು ನಿಮಗೆ ಹೊಂದುತ್ತೆ ಅನ್ನೋದು ತಿಳಿಯಬೇಕಾದರೆ ಕೊರಿಯರ್ ಲೆಕ್ಕದ ಒಳಗುಟ್ಟು ಗೊತ್ತಿರಬೇಕು. ಸಾಮಾನ್ಯವಾಗಿ ಅವರು ಅರ್ಧ ಕೆ.ಜಿ.ಯ ಸ್ಲ್ಯಾಬ್ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. 510 ಗ್ರಾಂ ತೂಗಿದರೆ 1 ಕೆ.ಜಿ. ದುಡ್ಡು. ನಮ್ಮ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಅರ್ಧ ಕೆ.ಜಿ. ಪೊಟ್ಟಣ, ಬೆಲೆ ₹340. ರಟ್ಟಿನ ಬಾಕ್ಸು, ಬಬಲ್ ವ್ರಾಪ್ ಸೇರಿ ಸುಮಾರು 650 ಗ್ರಾಂ ಆಗುತ್ತೆ, 1 ಕೆ.ಜಿ. ಸ್ಲ್ಯಾಬ್. ಲೆಕ್ಕಕ್ಕೆ ಮೊದಲ ಅರ್ಧ ಕೆ.ಜಿ.ಗೆ ₹45, ಆಮೇಲಿನ ಪ್ರತಿ ಅರ್ಧ ಕೆ.ಜಿ.ಗೆ ₹35 ಅಂತ ಹಿಡಿಯೋಣ (ನಿಮ್ಮ ರೇಟ್ ಕಾರ್ಡ್ ಬೇರೆ ಇರುತ್ತದೆ, ಅದನ್ನೇ ಹಾಕಿ ನೋಡಿ). ಒಂದು ಪೊಟ್ಟಣ ಕಳಿಸಲು ₹80. ಎರಡು ಪೊಟ್ಟಣದ ಬಾಕ್ಸು 1.2 ಕೆ.ಜಿ.ಯ ಆಸುಪಾಸು, ಅಂದರೆ ಒಂದೂವರೆ ಕೆ.ಜಿ. ಸ್ಲ್ಯಾಬ್, ₹115. ಮೂರಾದರೆ 2 ಕೆ.ಜಿ. ಸ್ಲ್ಯಾಬ್, ₹150. ₹340ರ ಆರ್ಡರಿನಲ್ಲಿ ಸಾಗಣೆಯೇ ಸುಮಾರು ಶೇ. 24 ತಿನ್ನುತ್ತದೆ, ₹1,020ರ ಆರ್ಡರಿನಲ್ಲಿ ಶೇ. 15ರೊಳಗೆ ನಿಲ್ಲುತ್ತದೆ.

ಈಗ 'ಎಲ್ಲದಕ್ಕೂ ಉಚಿತ' ಅನ್ನೋದನ್ನು ಈ ತಕ್ಕಡಿಯಲ್ಲಿಡಿ. ಪ್ರತಿ ಪೊಟ್ಟಣಕ್ಕೆ ₹80 ಸೇರಿಸಿ ₹420 ಮಾಡಿದರೆ, ಮೂರು ಕೊಳ್ಳುವವರು ಸಾಗಣೆಗೆಂದು ₹240 ಕೊಟ್ಟಂತಾಯಿತು, ನಿಮಗೆ ತಗಲುವುದು ₹150. ನಿಮ್ಮಲ್ಲಿ ಹೆಚ್ಚು ಕೊಳ್ಳುವ ಒಳ್ಳೆಯ ಗ್ರಾಹಕರ ಮೇಲೇ ಭಾರ ಬಿತ್ತು. ಅದೇ ಉಪ್ಪಿನಕಾಯಿ ಬೇರೆ ಕಡೆ ₹350ಕ್ಕೆ ಕಂಡಾಗ ನಿಮ್ಮದು ದುಬಾರಿ ಅನ್ನಿಸುವುದಂತೂ ಇದ್ದೇ ಇದೆ. ಆದರೆ ಇಳಕಲ್ ಸೀರೆ ಮಾರುವವರಿಗೆ ಇದೇ ಸರಿಯಾದ ದಾರಿ. ₹3,500ರ ಸೀರೆಯಲ್ಲಿ ನೂರು ರೂಪಾಯಿ ಸಾಗಣೆ ಕಣ್ಣಿಗೇ ಬೀಳುವುದಿಲ್ಲ, ಒಮ್ಮೆಗೆ ಒಂದೋ ಎರಡೋ ಕೊಳ್ಳುತ್ತಾರೆ, ತೂಕವೂ ಕಡಿಮೆ. ಹಗುರ, ಬೆಲೆಬಾಳುವಂಥದ್ದು, ಒಂಟಿಯಾಗಿ ಹೋಗುವಂಥದ್ದು ಇದ್ದರೆ ಕಣ್ಣುಮುಚ್ಚಿ ಬೆಲೆಯೊಳಗೆ ಸೇರಿಸಿ.

ಆಗಿಂದಾಗ ದರ ತೋರಿಸುವುದು ಕೇಳಲು ಬಹಳ ನ್ಯಾಯವಾಗಿದೆ. ಅಡಿಕೆ ಹಾಳೆ ತಟ್ಟೆ, ತಾಮ್ರದ ಹಂಡೆ, ಚನ್ನಪಟ್ಟಣದ ದೊಡ್ಡ ಆಟಿಕೆ ಮಾರುವವರಿಗೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಒಂದು ಆರ್ಡರಿಗೂ ಇನ್ನೊಂದಕ್ಕೂ ಅಜಗಜಾಂತರ. ಆದರೆ ತೊಂದರೆ ಎರಡು. ₹87.42 ಅಂತ ಕಂಡರೆ ಜನಕ್ಕೆ ಏನೋ ಮಸಲತ್ತು ಅನ್ನಿಸುತ್ತದೆ, ಹತ್ತರ ಲೆಕ್ಕಕ್ಕೆ ತಿರುಗಿಸಿ. ಇನ್ನೊಂದು, ಕೊರಿಯರ್‌ನವರ ಸರ್ವರ್ ಉತ್ತರ ಕೊಡದ ಹೊತ್ತಿಗೆ ನಿಮ್ಮ ಚೆಕ್‌ಔಟ್ 'ನಿಮ್ಮ ವಿಳಾಸಕ್ಕೆ ಡೆಲಿವರಿ ಇಲ್ಲ' ಅಂತ ಸುಳ್ಳು ಹೇಳಿಬಿಡುತ್ತದೆ. ಅಂಥ ಹೊತ್ತಿಗೆ ತಾನಾಗಿ ಬೀಳುವ ಬದಲಿ ದರವೊಂದನ್ನು ಕಡ್ಡಾಯವಾಗಿ ಹಾಕಿಟ್ಟಿರಿ.

ನನ್ನ ವೋಟು ಫ್ಲಾಟ್ ರೇಟ್ ಮತ್ತು ಗಡಿ, ಎರಡೂ ಸೇರಿದ ಪದ್ಧತಿಗೆ. ನೂರಿನ್ನೂರರಿಂದ ಸಾವಿರದೊಳಗಿನ ಸಾಮಾನು ಮಾರುವ ಹೆಚ್ಚಿನವರಿಗೆ ಇದೇ ಒಗ್ಗುತ್ತದೆ. ಕಡಿಮೆ ಆರ್ಡರಿಗೆ ₹60, ₹749 ದಾಟಿದರೆ ಉಚಿತ. 749 ಏಕೆ? ಎರಡು ಪೊಟ್ಟಣಕ್ಕೆ ₹680. ಗಡಿ ಅದರ ಸ್ವಲ್ಪ ಮೇಲಿದೆ. ₹90ರ ನೂರು ಗ್ರಾಂ ಚಟ್ನಿಪುಡಿ ಸೇರಿಸಿದರೆ ₹770, ದಾಟಿತು. ಬಾಕ್ಸಿನ ತೂಕ ಆಗಲೂ 1.3 ಕೆ.ಜಿ.ಯ ಸುತ್ತಮುತ್ತ, ಸ್ಲ್ಯಾಬ್ ಬದಲಾಗಲಿಲ್ಲ. ಅಂದರೆ ಆ ಚಟ್ನಿಪುಡಿ ನಮ್ಮ ಪಾಲಿಗೆ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿತು. ಸಾಮಾನು, ಪ್ಯಾಕಿಂಗ್ ಕಳೆದು ನೂರಕ್ಕೆ 35 ಉಳಿಯುತ್ತದೆ ಅಂದುಕೊಂಡರೆ, ಒಂದೇ ಪೊಟ್ಟಣದ ಆರ್ಡರಿನಲ್ಲಿ ₹60 ವಸೂಲಾದ ಮೇಲೂ ಕೈಯಲ್ಲಿ ಉಳಿಯುವುದು ₹99. ₹770ರ ಆರ್ಡರಿನಲ್ಲಿ ಡೆಲಿವರಿ ಪುಕ್ಕಟೆ ಕೊಟ್ಟೂ ₹155 ಉಳಿಯುತ್ತದೆ.

ಬಹಳ ಜನ ಗಡಿಯನ್ನು ಪಕ್ಕದ ಅಂಗಡಿ ನೋಡಿ ₹499 ಅಂತಲೋ ₹999 ಅಂತಲೋ ಹಾಕುತ್ತಾರೆ. ಅದು ನಿಮ್ಮ ಸಾಮಾನಿನ ಬೆಲೆ ಮತ್ತು ಸ್ಲ್ಯಾಬ್ ಎರಡೂ ಕೂಡುವ ಜಾಗದಲ್ಲಿರಬೇಕು. ಗಡಿಯ ಹತ್ತಿರ ತಂದು ನಿಲ್ಲಿಸುವ ಸಣ್ಣ ಸಾಮಾನು ಅಂಗಡಿಯಲ್ಲಿ ಇರಬೇಕು. ಕಾರ್ಟಿನಲ್ಲೇ 'ಇನ್ನು ₹69ರ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ' ಅನ್ನುವ ಸಾಲು ಕಾಣಬೇಕು. ಚೆಕ್‌ಔಟ್‌ಗೆ ಹೋದ ಮೇಲೆ ಹೇಳಿದರೆ ಯಾರೂ ಹಿಂದೆ ಬರುವುದಿಲ್ಲ.

ವೂಕಾಮರ್ಸ್ (ವೆಬ್‌ಸೈಟಿನಲ್ಲಿ ಅಂಗಡಿ ನಡೆಸುವ ಸಾಫ್ಟ್‌ವೇರ್) ಬಳಸುವವರಿಗೆ ಒಂದು ಕಿವಿಮಾತು: ಗಡಿ ದಾಟಿದ ಮೇಲೂ ಉಚಿತದ ಪಕ್ಕದಲ್ಲೇ ಫ್ಲಾಟ್ ರೇಟ್ ಕೂಡ ಕಾಣುತ್ತಿರುತ್ತದೆ. ಅದನ್ನು ಮರೆಮಾಡುವ ಏರ್ಪಾಡನ್ನು ನೀವೇ ಮಾಡಿಕೊಳ್ಳಬೇಕು. ನಾನು ತಿಂಗಳುಗಟ್ಟಲೆ ಗಮನಿಸಿರಲೇ ಇಲ್ಲ. ಉಚಿತ ಸಿಗುವಾಗಲೂ ₹60 ಕೊಟ್ಟ ಪುಣ್ಯಾತ್ಮರಿಗೆ ಆಮೇಲೆ ದುಡ್ಡು ವಾಪಸ್ ಹಾಕಿದೆ.

ಹಪ್ಪಳದ ಬಾಕ್ಸು

ತಕ್ಕಡಿಯ ತೂಕ ಒಂದು, ಜಾಗದ ತೂಕ ಇನ್ನೊಂದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ವಾಲ್ಯೂಮೆಟ್ರಿಕ್ ತೂಕ. ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ಲು. ಕೆಲವು ಕಂಪನಿಗಳು 5000ಕ್ಕಿಂತ ಸಣ್ಣ ಸಂಖ್ಯೆಯಿಂದ ಭಾಗಿಸುತ್ತವೆ, ಆಗ ತೂಕ ಇನ್ನೂ ಏರುತ್ತದೆ.

ಹಲಸಿನ ಹಪ್ಪಳದ ನಾಲ್ಕು ಕಟ್ಟನ್ನು ಪಕ್ಕಪಕ್ಕ ಇಟ್ಟು 30×30×12ರ ಬಾಕ್ಸಿನಲ್ಲಿ ಕಳಿಸುತ್ತಿದ್ದೆವು. ತಕ್ಕಡಿಯಲ್ಲಿ 900 ಗ್ರಾಂ. ಕೊರಿಯರ್ ಲೆಕ್ಕದಲ್ಲಿ 2.16 ಕೆ.ಜಿ., ಅಂದರೆ ಎರಡೂವರೆ ಕೆ.ಜಿ. ಸ್ಲ್ಯಾಬ್, ಮೇಲಿನ ದರದಲ್ಲಿ ₹185. ಅದೇ ನಾಲ್ಕು ಕಟ್ಟನ್ನು ಒಂದರ ಮೇಲೊಂದು ಪೇರಿಸಿ 16×16×22ರ ಬಾಕ್ಸಿಗೆ ಹಾಕಿದರೆ 1.13 ಕೆ.ಜಿ., ₹115. ಒಂದು ಬಾಕ್ಸಿಗೆ ₹70 ಉಳಿತಾಯ, ಅದೂ ಚೆಕ್‌ಔಟ್ ಮುಟ್ಟದೆ. ದರ ಇಳಿಸಿ ಅಂತ ಕೊರಿಯರ್‌ನವರ ಹತ್ತಿರ ಗೋಗರೆಯುವ ಮೊದಲು ಅಳತೆ ಟೇಪು ಹಿಡಿಯಿರಿ.

ಕೊರಿಯರೋ, ಅಂಚೆಯೋ, ಬಸ್ಸೋ

ಖಾಸಗಿ ಕೊರಿಯರ್ ನಗರಗಳಿಗೆ ಚುರುಕು. ಮನೆಬಾಗಿಲಿಗೆ ಬಂದು ಪಿಕಪ್ ಮಾಡುತ್ತಾರೆ, ಟ್ರ್ಯಾಕಿಂಗ್ ಚೆನ್ನಾಗಿದೆ. ನೇರವಾಗಿ ಕಂಪನಿಯ ಖಾತೆ ತೆರೆಯಲು ನಿಮ್ಮ ಆರ್ಡರ್ ಕಡಿಮೆಯಿದ್ದರೆ ಶಿಪ್‌ರಾಕೆಟ್‌ನಂಥ ಅಗ್ರಿಗೇಟರ್ ಮೂಲಕ ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಬಳಸಬಹುದು. ಹಳ್ಳಿಯ ವಿಷಯ ಬಂದಾಗ ಕಥೆ ಬೇರೆ. ಒಮ್ಮೆ ಜೋಯಿಡಾ ಕಡೆಯ ಹಳ್ಳಿಗೆ ಹೋಗಬೇಕಿದ್ದ ಬಾಕ್ಸನ್ನು ಕೊರಿಯರ್ ಹುಡುಗ ಪೇಟೆಯಲ್ಲೇ ಇಟ್ಟುಕೊಂಡು, 'ಬಂದು ತಗೊಂಡ್ಹೋಗಿ' ಅಂತ ಗ್ರಾಹಕರಿಗೆ ಫೋನ್ ಮಾಡಿದ. ಅವರು ಬಯ್ದದ್ದು ನನಗೆ.

ಅಂಚೆಗೆ ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಕಚೇರಿಗಳಿವೆ, ಹೆಚ್ಚಿನವು ಹಳ್ಳಿಗಳಲ್ಲೇ. 1986ರ ಆಗಸ್ಟ್ 1ರಂದು ಶುರುವಾದ ಸ್ಪೀಡ್ ಪೋಸ್ಟ್, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಪೋಸ್ಟ್‌ಮ್ಯಾನ್‌ಗೆ ಮನೆ ಗೊತ್ತು ಅನ್ನುವುದು ಎಷ್ಟು ದೊಡ್ಡ ಆಸ್ತಿ ಅನ್ನೋದು ಊರಿನವರಿಗೆ ಹೇಳಬೇಕಿಲ್ಲ. ಇನ್ನೊಂದು ಸಂಗತಿ ಬಹಳ ಅಂಗಡಿಯವರಿಗೆ ತಿಳಿದಿರುವುದಿಲ್ಲ: 9ರಿಂದ ಶುರುವಾಗುವ ಪಿನ್‌ಕೋಡ್ ಸೇನಾ ಅಂಚೆಯದು. ಗಡಿಯಲ್ಲಿರುವ ಮಗನಿಗೆ ಅಂತ ಕೊಡಗಿನ ಮನೆಯವರೊಬ್ಬರು ಆರ್ಡರ್ ಹಾಕಿದರೆ, '56 ಎಪಿಒ' ವಿಳಾಸಕ್ಕೆ ಖಾಸಗಿ ಕೊರಿಯರ್ ಹೋಗುವುದಿಲ್ಲ, ಅಂಚೆಯೇ ಆಗಬೇಕು. ನಿಮ್ಮ ಚೆಕ್‌ಔಟ್ ಆ ಪಿನ್‌ಕೋಡನ್ನು ತಿರಸ್ಕರಿಸುತ್ತಿದೆಯೇ ಅಂತ ಈಗಲೇ ಹಾಕಿ ನೋಡಿ.

ಬಸ್ ಪಾರ್ಸೆಲ್ಲನ್ನು ವೆಬ್‌ಸೈಟಿನವರು ಮರೆತೇಬಿಟ್ಟಿದ್ದಾರೆ. ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' 2021ರಿಂದ ಇದೆ. ಮದುವೆ ಮನೆಗೆ ಹತ್ತು ಕೆ.ಜಿ. ಉಪ್ಪಿನಕಾಯಿ, ಐನೂರು ಹಪ್ಪಳ ಕೇಳುವವರು ಬಸ್‌ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳಲು ಸಂತೋಷವಾಗಿ ಒಪ್ಪುತ್ತಾರೆ. ಅದಕ್ಕಿಂತ ಭಾರದ್ದಾದರೆ ವಿಆರ್‌ಎಲ್‌ನಂಥ ಲಾರಿ ಪಾರ್ಸೆಲ್. ನಾವು 5 ಕೆ.ಜಿ. ದಾಟಿದ ಕಾರ್ಟಿಗೆ ಮಾತ್ರ 'ಬಸ್‌ಸ್ಟ್ಯಾಂಡಿನಲ್ಲಿ ತಗೊಳ್ತೇನೆ' ಅನ್ನುವ ಸಾಲು ತೋರಿಸುತ್ತೇವೆ.

'ಏರ್' ಅನ್ನುವ ಆಯ್ಕೆಯನ್ನು ನಾನು ತೆಗೆದೇಬಿಟ್ಟೆ. ಎಣ್ಣೆ ಒಸರುವ ಉಪ್ಪಿನಕಾಯಿ, ಜೇನುತುಪ್ಪ, ಜೋನಿ ಬೆಲ್ಲವನ್ನು ವಿಮಾನಕ್ಕೆ ಹತ್ತಿಸಲು ಕೊರಿಯರ್‌ಗಳು ಹಿಂದೆಗೆಯುತ್ತವೆ. ಹೆಚ್ಚು ದುಡ್ಡು ಕೊಟ್ಟವರ ಬಾಕ್ಸೂ ಅದೇ ಲಾರಿಯಲ್ಲಿ ಕುಲುಕಿಕೊಂಡು ಹೋಗುತ್ತಿತ್ತು. ಕೊಡಲಾಗದ ವೇಗವನ್ನು ಮಾರುವುದು ಬೇಡ. ನಿಜವಾದ ವೇಗ ಎಲ್ಲಿ ಸಾಧ್ಯವೋ ಅಲ್ಲಿ ಕೊಡಿ: ರಾಜಾಜಿನಗರದ ಅಕ್ಕನ ಮನೆಯಲ್ಲಿ ಇಪ್ಪತ್ತು ಮೂವತ್ತು ಪೊಟ್ಟಣ ಇಟ್ಟಿದ್ದೇವೆ. 560ರಿಂದ ಶುರುವಾಗುವ ಪಿನ್‌ಕೋಡಿನವರಿಗೆ, ಮಧ್ಯಾಹ್ನ ಒಂದರೊಳಗೆ ಆರ್ಡರ್ ಮಾಡಿದರೆ 'ಇವತ್ತೇ ಸಂಜೆ' ಅನ್ನುವ ಸಾಲು ಕಾಣುತ್ತದೆ. ಅಕ್ಕ ಪೋರ್ಟರ್ ಆ್ಯಪ್‌ನಲ್ಲಿ ಬೈಕ್ ಕರೆಸಿ ಕಳಿಸುತ್ತಾಳೆ.

ಪಿನ್‌ಕೋಡ್ ಮೊದಲು ಕೇಳಿ

1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿ ಅಂಗಡಿಯವನ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಮೊದಲೆರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಸಾಮಾನಿನ ಪುಟದಲ್ಲೇ ಪಿನ್‌ಕೋಡ್ ಹಾಕುವ ಪುಟ್ಟ ಚೌಕ ಇಡಿ. ಹಾಕಿದ ಕೂಡಲೇ 'ಗುರುವಾರದೊಳಗೆ ಮನೆಗೆ, ₹60' ಅಂತ ಬರಲಿ. ವೂಕಾಮರ್ಸ್‌ನಲ್ಲಿ ಶಿಪ್ಪಿಂಗ್ ಝೋನ್, ಅಂದರೆ ದರಕ್ಕೊಂದು ಪ್ರದೇಶ, ಮಾಡುವಾಗ 57* (57ರಿಂದ ಶುರುವಾಗುವುದೆಲ್ಲ) ಅಂತಲೋ 560001...560110 ಅಂತಲೋ ಬರೆಯಬಹುದು. ಝೋನ್‌ಗಳನ್ನು ಅದು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಬೆಂಗಳೂರು ಮೇಲೆ, ಕರ್ನಾಟಕ ಅದರ ಕೆಳಗೆ, ದೇಶ ಕೊನೆಗೆ. ಉಲ್ಟಾ ಇಟ್ಟರೆ ಬೆಂಗಳೂರಿನ ಸಾಲು ಯಾರಿಗೂ ಕಾಣುವುದಿಲ್ಲ.

'3ರಿಂದ 5 ಬಿಸಿನೆಸ್ ಡೇಸ್' ಅಂತ ಬರೆಯುವುದಕ್ಕೂ 'ಗುರುವಾರದೊಳಗೆ' ಅನ್ನುವುದಕ್ಕೂ ಬಹಳ ವ್ಯತ್ಯಾಸ. ಮೊದಲನೆಯದರಲ್ಲಿ ಗ್ರಾಹಕರು ಭಾನುವಾರ ಕಳೆದು, ರಜೆ ಕಳೆದು ತಾವೇ ಲೆಕ್ಕ ಹಾಕಬೇಕು. ನೀವು ಹಾಕಿಕೊಡಿ, ಹಾಕುವಾಗ ಪ್ಯಾಕಿಂಗ್ ದಿನವನ್ನೂ ಸೇರಿಸಿ. ನಮ್ಮ ಬಾಕ್ಸು ಶಿರಸಿಯಿಂದ ಹುಬ್ಬಳ್ಳಿಯ ಹಬ್ ಮುಟ್ಟಲೇ ಒಂದು ದಿನ. ಜುಲೈ, ಆಗಸ್ಟಿನಲ್ಲಿ ಘಟ್ಟದ ದಾರಿಗೆ ಇನ್ನೆರಡು ದಿನ ಸೇರಿಸುತ್ತೇವೆ. ತಡವಾಗಿ ಹೇಳಿ ಬೇಗ ಮುಟ್ಟಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಕ್ಯಾಶ್ ಆನ್ ಡೆಲಿವರಿ ಇಡಬೇಕಾ?

ನಮ್ಮ ದೇಶದಲ್ಲಿ ಆನ್‌ಲೈನ್ ಖರೀದಿಗೆ ಜನರನ್ನು ಒಲಿಸಿದ್ದೇ ಇದು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ತಂದ ಮೇಲೆ ಎಲ್ಲರೂ ಹಿಂಬಾಲಿಸಿದರು. 2016ರಲ್ಲಿ ಯುಪಿಐ ಬಂದ ಮೇಲೂ, ಮೊದಲ ಸಲ ಕೊಳ್ಳುವವರಿಗೆ ಗೊತ್ತಿಲ್ಲದ ಅಂಗಡಿಗೆ ಮುಂಗಡ ಕೊಡಲು ಅಳುಕು ಇದ್ದೇ ಇದೆ. ಅದು ನ್ಯಾಯವಾದ ಅಳುಕೇ.

ತೊಂದರೆ ಇರುವುದು ಆರ್‌ಟಿಒದಲ್ಲಿ, ಅಂದರೆ ತಗೊಳ್ಳದೆ ವಾಪಸ್ ಬರುವ ಬಾಕ್ಸಿನಲ್ಲಿ. ಹೋಗಲು ₹80, ಬರಲು ₹80, ಹಾಳಾದ ಪ್ಯಾಕಿಂಗ್ ₹20. ಒಂದು ಬಾಕ್ಸು ವಾಪಸ್ ಬಂದರೆ ಎರಡು ಮಾರಾಟದ ಲಾಭ ಹೆಚ್ಚುಕಡಿಮೆ ಹೋಯಿತು. ಅದರ ಮೇಲೆ, ಹದಿನೈದು ದಿನ ಲಾರಿಯಲ್ಲಿ ತಿರುಗಿ ಬಂದ ಉಪ್ಪಿನಕಾಯಿಯನ್ನು ಇನ್ನೊಬ್ಬರಿಗೆ ಕಳಿಸಲು ನಮ್ಮ ಅತ್ತೆ ಒಪ್ಪುವುದಿಲ್ಲ. ಸೀರೆಯಾದರೆ ಮಡಚಿ ಮತ್ತೆ ಕಳಿಸಬಹುದು.

ಪೂರ್ತಿ ತೆಗೆದರೆ ಆರ್ಡರ್ ಬೀಳುತ್ತದೆ, ಪೂರ್ತಿ ಬಿಟ್ಟರೆ ದುಡ್ಡು ಸೋರುತ್ತದೆ. ನಾವು ಮೂರು ತಿಂಗಳು ತೆಗೆದು ನೋಡಿ, ಮತ್ತೆ ತಂದೆವು, ಆದರೆ ಬೇಲಿ ಹಾಕಿ: ₹99 ಮುಂಗಡ, ಉಳಿದದ್ದು ಬಾಗಿಲಲ್ಲಿ. ತಮಾಷೆಗೆ ಆರ್ಡರ್ ಮಾಡುವವರು ಅಲ್ಲೇ ನಿಂತರು. ಆ ₹99 ಕೊಡುವವರಲ್ಲಿ ಹಲವರು 'ಹೇಗೂ ಫೋನ್‌ಪೇ ತೆಗೆದಾಯ್ತಲ್ಲ' ಅಂತ ಪೂರ್ತಿ ದುಡ್ಡನ್ನೇ ಕಟ್ಟುತ್ತಾರೆ. ಕ್ಯಾಶ್ ಆನ್ ಡೆಲಿವರಿಗೆ ಕೊರಿಯರ್‌ನವರು ಹಾಕುವ ಶುಲ್ಕವನ್ನು ಗ್ರಾಹಕರಿಂದ ತೆಗೆದುಕೊಳ್ಳುವುದಾದರೆ ಆ ಸಾಲಿನಲ್ಲೇ '₹40 ಹೆಚ್ಚುವರಿ' ಅಂತ ಬರೆಯಿರಿ.

ಇದು ಬರೀ ಸೌಜನ್ಯದ ಮಾತಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನೂ, ಡೆಲಿವರಿ ಚಾರ್ಜು ಸೇರಿದಂತೆ ಅದರ ವಿವರವನ್ನೂ ತೋರಿಸಬೇಕು. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ (ಕೊಳ್ಳುವವರ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಕುತಂತ್ರಗಳಲ್ಲಿ, ಖರ್ಚನ್ನು ಹಂತಹಂತವಾಗಿ ಹೊರತೆಗೆಯುವುದೂ, ಕೇಳದೆ ಕಾರ್ಟಿಗೆ ಏನಾದರೂ ಸೇರಿಸುವುದೂ ಇವೆ. 'ಪಾರ್ಸೆಲ್ ಇನ್ಶೂರೆನ್ಸ್' ಅಂತ ಮೊದಲೇ ಟಿಕ್ ಹಾಕಿಟ್ಟಿದ್ದರೆ ತೆಗೆದುಬಿಡಿ. ಜಿಎಸ್‌ಟಿ ಕಟ್ಟುವವರು ಇದನ್ನೂ ನೆನಪಿಡಿ: ಸಾಮಾನಿನ ಜೊತೆಗೆ ತೆಗೆದುಕೊಳ್ಳುವ ಡೆಲಿವರಿ ಚಾರ್ಜಿಗೆ ಆ ಸಾಮಾನಿನ ದರದಲ್ಲೇ ತೆರಿಗೆ ಬೀಳುತ್ತದೆ.

ವಿದೇಶಕ್ಕೆ ಕಳಿಸುವವರು ಚೆಕ್‌ಔಟ್‌ನಲ್ಲಿ ಸಿದ್ಧ ದರ ಇಡಬೇಡಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಾಗ, ಹಳೆಯ ದರ ಇಟ್ಟವರೆಲ್ಲ ಪೇಚಿಗೆ ಸಿಕ್ಕರು. ನ್ಯೂಜೆರ್ಸಿಯ ಕನ್ನಡಿಗರು ವಾಟ್ಸಾಪಿನಲ್ಲಿ ಕೇಳುತ್ತಾರೆ, ಅವತ್ತಿನ ದರ ಹೇಳುತ್ತೇವೆ.

ಈಗ ನಮ್ಮ ಪುಟದಲ್ಲಿ ಎಷ್ಟಿವೆ

ಹೆಚ್ಚಿನವರಿಗೆ ಕಾಣುವುದು ಎರಡೇ ಸಾಲು, ಬೆಂಗಳೂರಿನವರಿಗೆ ಮೂರು. ಕಡಿಮೆ ದರದ್ದು ಮೊದಲೇ ಆಯ್ಕೆಯಾಗಿರುತ್ತದೆ. ಕೊರಿಯರ್ ಹೆಸರು ಎಲ್ಲೂ ಇಲ್ಲ, ಅದನ್ನು ಪಿನ್‌ಕೋಡ್ ನೋಡಿ ನಾವೇ ತೀರ್ಮಾನಿಸುತ್ತೇವೆ. ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಮುಟ್ಟಿ, ಮೂರ್ನಾಲ್ಕು ವಾರ ಬಿಟ್ಟು ನೋಡಿ. ದೀಪಾವಳಿ ವಾರದ ಲೆಕ್ಕ ನಂಬಬೇಡಿ, ಆಗ ಏನಿಟ್ಟರೂ ಹೋಗುತ್ತದೆ. ಆರ್ಡರ್ ಎಷ್ಟು ಹೆಚ್ಚಿತು ಅನ್ನುವುದರ ಜೊತೆಗೆ ಪ್ರತಿ ಆರ್ಡರಿನಲ್ಲಿ ಕೈಗೆ ಎಷ್ಟು ಉಳಿಯಿತು ಅನ್ನೋದನ್ನೂ ಬರೆದಿಡಿ.

ಹೊಸ ಪುಟ ಸಿದ್ಧವಾದ ದಿನ ಪಕ್ಕದ ಮನೆಯ ಅಮ್ಮನ ಕೈಗೆ ಫೋನ್ ಕೊಟ್ಟು, ಒಂದು ಹಪ್ಪಳದ ಕಟ್ಟು ಆರ್ಡರ್ ಮಾಡಿ ನೋಡೋಣ ಅಂದೆ. ಪಿನ್‌ಕೋಡ್ ಹಾಕಿದರು, ವಿಳಾಸ ಹಾಕಿದರು, ಡೆಲಿವರಿ ಸಾಲಿಗೆ ಬಂದು ಕನ್ನಡಕ ಸರಿಮಾಡಿಕೊಂಡರು. "ಸ್ಟ್ಯಾಂಡರ್ಡ್ ಅಂದ್ರೆ ಎಂತದು? ಮನೆಗೆ ತಂದು ಕೊಡ್ತಾರೋ, ನಾವೇ ಹೋಗಬೇಕೋ?" ಅವತ್ತಿನಿಂದ ಆ ಸಾಲಿನಲ್ಲಿ 'ಮನೆಗೆ ತಂದು ಕೊಡುತ್ತೇವೆ' ಅಂತಲೇ ಇದೆ.